ಗಾಡಿ ಇದ್ದಲ್ಲಿಗೇ ರಿಪೇರಿ: ಹಳೇ ವ್ಯಾನುಗಳ ಒಂದು ಪಾಠ

ಮಾರ್ಚ್ ತಿಂಗಳ ಮಧ್ಯಾಹ್ನ. ಒಂದು ಹಳೇ ಮಾರುತಿ ವ್ಯಾನು ಮಲ್ಲಿಕಟ್ಟೆ ಬಿಟ್ಟು ಕದ್ರಿಯ ಏರು ಹತ್ತುವಾಗ ನಿಂತುಬಿಡ್ತದೆ ಅಂದುಕೊಳ್ಳಿ. ಸ್ಟಾರ್ಟರ್ ಚೆನ್ನಾಗಿಯೇ ತಿರುಗ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಅರ್ಧ ಗಂಟೆ ಬಿಟ್ಟು ಕೀ ತಿರುಗಿಸಿದರೆ ಏನೂ ಆಗಿಯೇ ಇಲ್ಲ ಎಂಬ ಹಾಗೆ ಸ್ಟಾರ್ಟ್. ಗ್ಯಾರೇಜಿಗೆ ತಕೊಂಡು ಹೋದರೆ ಅಲ್ಲಿ ನಿಲ್ಲುವುದೇ ಇಲ್ಲ. "ಎಂತದ್ದೂ ಪ್ರಾಬ್ಲಮ್ ಇಲ್ಲ ಮಾರಾಯ್ರೆ" ಅಂತ ಕಳಿಸ್ತಾರೆ. ಮರುದಿನ ಅದೇ ಏರು, ಅದೇ ಬಿಸಿಲು, ಅದೇ ಕಥೆ.

ಹಳೇ ವ್ಯಾನುಗಳಿಗೆ ಊರೂರು ತಿರುಗಿ ರಿಪೇರಿ ಮಾಡಿಕೊಡುವ ಕೆಲಸ ಯಾಕೆ ಬೇಕು ಅನ್ನುವುದಕ್ಕೆ ಇಷ್ಟು ಸಾಕು. ಬಿಸಿಯಾದಾಗ ಮಾತ್ರ ಕಾಣುವ ದೋಷವನ್ನು ಬಿಸಿಯಾಗಿರುವಾಗಲೇ, ಗಾಡಿ ನಿಂತ ಜಾಗದಲ್ಲೇ ಹಿಡಿಯಬೇಕು. ಗ್ಯಾರೇಜು ಮುಟ್ಟುವಷ್ಟರಲ್ಲಿ ಸಾಕ್ಷಿ ತಣ್ಣಗಾಗಿರುತ್ತದೆ.

ಇಲ್ಲಿ ಅನುಮಾನ ಇಬ್ಬರ ಮೇಲೆ. ಮೊದಲನೆಯದು ಪೆಟ್ರೋಲು ಪೈಪಿನಲ್ಲೇ ಆವಿಯಾಗುವುದು, ಅಂದರೆ ವೇಪರ್ ಲಾಕ್. ಕಾರ್ಬೊರೇಟರ್ ಇರುವ ಗಾಡಿಗಳಲ್ಲಿ ಪೆಟ್ರೋಲ್ ಪಂಪು ಎಂಜಿನ್ನಿಗೆ ಅಂಟಿಕೊಂಡಿರುತ್ತದೆ, ಟ್ಯಾಂಕಿನಿಂದ ಪೆಟ್ರೋಲನ್ನು ಎಳೆದುಕೊಳ್ಳುತ್ತದೆ. ಎಳೆಯುವಾಗ ಪೈಪಿನೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆ. ಒತ್ತಡ ಇಳಿದರೆ ಕುದಿಯುವ ಬಿಂದುವೂ ಇಳಿಯುತ್ತದೆ, ಇದು ಥರ್ಮೋದಲ್ಲಿ ಓದಿದ್ದೇ. ಏರಿನಲ್ಲಿ ನಿಧಾನ ಹೋಗುವಾಗ ಸೀಟಿನ ಅಡಿಯ ಎಂಜಿನ್ನಿಗೆ ಗಾಳಿ ಸಾಲದು, ಪಂಪು ಕಾಯುತ್ತದೆ, ಪೆಟ್ರೋಲಿನ ಬದಲು ಆವಿ ಬರುತ್ತದೆ. ಎರಡನೆಯದು ಇಗ್ನಿಷನ್ ಕಾಯಿಲ್. ಒಳಗಿನ ತಂತಿಯ ಇನ್ಸುಲೇಷನ್ ಹಳತಾಗಿ, ಬಿಸಿಯಾದಾಗ ಸೋಲುತ್ತದೆ, ತಣ್ಣಗಾದಾಗ ಮತ್ತೆ ಸರಿ. ಎರಡರ ಲಕ್ಷಣವೂ ಒಂದೇ!

ಬೇರೆ ಮಾಡಿ ನೋಡಲಿಕ್ಕೆ ಒಂದೇ ಪರೀಕ್ಷೆ ಸಾಕು. ಕೈಯಲ್ಲಿ ಒಂದು ಹಳೇ ಸ್ಪಾರ್ಕ್ ಪ್ಲಗ್ಗು ಇಟ್ಟುಕೊಳ್ಳಿ. ಗಾಡಿ ನಿಂತ ಕೂಡಲೇ, ಬಿಸಿ ಇಳಿಯುವ ಮೊದಲು, ಪ್ಲಗ್ ವೈರಿಗೆ ಅದನ್ನು ಸಿಕ್ಕಿಸಿ, ಲೋಹದ ಭಾಗ ಎಂಜಿನ್ ಬ್ಲಾಕಿಗೆ ತಾಗುವಂತೆ ಇಟ್ಟು ಸ್ಟಾರ್ಟರ್ ತಿರುಗಿಸಿ. ಇನ್ಸುಲೇಷನ್ ಇರುವ ಇಕ್ಕಳದಲ್ಲಿ ಹಿಡಿಯಬೇಕು, ಸುತ್ತ ಪೆಟ್ರೋಲಿನ ವಾಸನೆ ಇರಬಾರದು. ನೀಲಿ ಕಿಡಿ ಬಲವಾಗಿ ಹಾರಿದರೆ ಕಾಯಿಲ್ ಸರಿ ಉಂಟು, ಪೆಟ್ರೋಲಿನ ಕಡೆ ನೋಡಿ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಐದು ನಿಮಿಷದಲ್ಲಿ ಎಂಜಿನ್ ಹಿಡಿದರೆ ಅನುಮಾನ ಖಚಿತ. ಕಿಡಿಯೇ ಇಲ್ಲದಿದ್ದರೆ ಕಾಯಿಲ್ಲು, ಕಂಡೆನ್ಸರು, ಪಾಯಿಂಟು. ಒದ್ದೆ ಬಟ್ಟೆಯ ಉಪಾಯ ನಮ್ಮ ಹಳೇ ಡ್ರೈವರುಗಳಿಗೆಲ್ಲ ಗೊತ್ತು. ಆದರೆ ಕಿಡಿ ನೋಡದೆ ಬಟ್ಟೆ ಹಾಕಿದರೆ ಕಾಯಿಲ್ಲೂ ಅಷ್ಟರಲ್ಲಿ ತಣಿದಿರುತ್ತದೆ, ಯಾವುದರಿಂದ ಸರಿಯಾಯಿತು ಎಂದು ಗೊತ್ತಾಗುವುದಿಲ್ಲ.

ಹಳೇ ವ್ಯಾನು ಅಂದರೆ ಯಾವುದು? ಹೊರದೇಶಗಳಲ್ಲಿ ಕೇಳಿದರೆ 1950ರಲ್ಲಿ ತಯಾರಿಕೆ ಶುರುವಾದ ಫೋಕ್ಸ್‌ವ್ಯಾಗನ್ ಬಸ್ಸನ್ನು ತೋರಿಸ್ತಾರೆ. ನಮ್ಮಲ್ಲಿ ಬೇರೆ ಸಂಸಾರ. 1958ರಲ್ಲಿ ಜರ್ಮನಿಯ ಟೆಂಪೊ ಕಂಪೆನಿಯ ಜೊತೆ ಸೇರಿ ಬಜಾಜ್ ಟೆಂಪೊ ಹುಟ್ಟಿತು. ಅದರ ಮೂರು ಚಕ್ರದ ಹ್ಯಾನ್ಸಿಯಾಟ್ ಗಾಡಿಯಿಂದಲೇ ಸಾಮಾನು ಹೊರುವ ಗಾಡಿಗೆಲ್ಲ 'ಟೆಂಪೊ' ಅನ್ನುವ ಹೆಸರು ಬಿತ್ತು. ಆಮೇಲೆ ಬಂದ ಮೆಟಡೋರ್ ಕೂಡ ಹಾಗೆಯೇ ಕನ್ನಡದ ಶಬ್ದ ಆಗಿಹೋಯಿತು. ಕಂಪೆನಿ 2005ರಲ್ಲಿ ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಿಸಿದರೂ ಊರಿನ ಬಾಯಿ ಬದಲಾಗಲಿಲ್ಲ. 1984ರಲ್ಲಿ ಮಾರುತಿ ವ್ಯಾನು ಬಂತು, 796 ಸಿಸಿ, ಮೂರು ಸಿಲಿಂಡರು. ಓಮ್ನಿ ಎಂಬ ಹೆಸರು ಆಮೇಲಿನದು. 2019ರವರೆಗೆ ತಯಾರಾದ್ದರಿಂದ ಮಂಗಳೂರಿನ ಸುತ್ತ ಈಗಲೂ ಕೈಗೆ ಸಿಗುವ ಹಳೇ ವ್ಯಾನು ಅಂದರೆ ಇದೇ. ನಮ್ಮಲ್ಲಿ ಕೆಲವರು ಶಾಲೆಗೆ ಹೋಗಿದ್ದೇ ಅದರಲ್ಲಿ.

ಕಾನೂನಿನ ಲೆಕ್ಕ ಬೇರೆ. ಕೇಂದ್ರ ಸರಕಾರದ 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಮೂಲರೂಪದಲ್ಲೇ ಉಳಿದ ಗಾಡಿ ಮಾತ್ರ ವಿಂಟೇಜ್. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ಚಾಲ್ತಿ, ನಂಬರ್ ಪ್ಲೇಟಿನಲ್ಲಿ 'ವಿಎ' ಅಕ್ಷರ. ಆದರೆ ಬಾಡಿಗೆಗೆ, ದಿನದ ಓಡಾಟಕ್ಕೆ ಬಳಸುವ ಹಾಗಿಲ್ಲ. ಅಂದರೆ ಅತಿ ಹಳೇ ಮಾರುತಿ ವ್ಯಾನೂ 2034ರವರೆಗೆ ವಿಂಟೇಜ್ ಅಲ್ಲ! ಅಲ್ಲಿಯವರೆಗೆ ಅದು ಬರೀ ಹಳೇ ಗಾಡಿ: 15 ವರ್ಷದ ಮೇಲೆ ಐದೈದು ವರ್ಷಕ್ಕೆ ಆರ್‌ಟಿಒ ಎದುರು ನಿಂತು ನೋಂದಣಿ ನವೀಕರಿಸಿಕೊಳ್ಳಬೇಕಾದ ಗಾಡಿ. ಈ ಪಾಠ ಶೋಕಿಯ ಗಾಡಿಗಿಂತ ಹೆಚ್ಚಾಗಿ, ದುಡಿಯುವ ಇಂಥ ಗಾಡಿಯ ಬಗ್ಗೆ. ಕೇಟರಿಂಗಿನವರ ಪಾತ್ರೆ, ಮೈಕ್‌ಸೆಟ್ಟಿನವರ ಪೆಟ್ಟಿಗೆ ಹೊರುವ ಗಾಡಿ ಒಂದು ದಿನ ನಿಂತರೆ ಆ ದಿನದ ಸಂಪಾದನೆಯೂ ನಿಂತಿತು.

ತಿರುಗಾಟದ ರಿಪೇರಿಗೆ ಕದ್ರಿ ಒಳ್ಳೆಯ ಜಾಗ. ಕೆಪಿಟಿ ಕಡೆಗೆ ಇಳಿದರೆ ಸುರತ್ಕಲ್, ಮೂಲ್ಕಿ ದಾರಿ, ನಂತೂರಿನಲ್ಲಿ ತಿರುಗಿದರೆ ಮೂಡುಬಿದಿರೆ, ಪಂಪ್‌ವೆಲ್‌ನಲ್ಲಿ ಬಿ.ಸಿ. ರೋಡು, ನೇರ ಹೋದರೆ ತೊಕ್ಕೊಟ್ಟು. ತೊಂದರೆ ಎಂತ ಅಂದರೆ ಉತ್ತರಕ್ಕೆ ಗುರುಪುರ ನದಿ, ದಕ್ಷಿಣಕ್ಕೆ ನೇತ್ರಾವತಿ. ಕೂಳೂರು ಸೇತುವೆಯಲ್ಲೋ ಉಳ್ಳಾಲ ಸೇತುವೆಯಲ್ಲೋ ಬ್ಲಾಕ್ ಆದರೆ ಬೇರೆ ಹತ್ತಿರದ ದಾರಿ ಇಲ್ಲ.

ಲೆಕ್ಕಕ್ಕಾಗಿ ಕೆಲವು ಅಂಕಿ ಹಿಡಿಯೋಣ. ದಿನಕ್ಕೆ 480 ನಿಮಿಷ ಕೆಲಸ, ಒಂದು ಗಾಡಿಗೆ 90 ನಿಮಿಷ. ಬಂದ ಕರೆಗೆಲ್ಲ ಬಂದ ಕ್ರಮದಲ್ಲೇ ಓಡಿದರೆ, ಮೂಲ್ಕಿಯಿಂದ ತೊಕ್ಕೊಟ್ಟಿಗೆ, ಅಲ್ಲಿಂದ ಮೂಡುಬಿದಿರೆಗೆ, ಒಂದೊಂದಕ್ಕೆ 75 ನಿಮಿಷ ದಾರಿಯಲ್ಲೇ. ಗಾಡಿಗೆ 165 ನಿಮಿಷ, ದಿನಕ್ಕೆ ಎರಡು ಗಾಡಿ. ಇವತ್ತು ಉತ್ತರ, ನಾಳೆ ಪೂರ್ವ ಅಂತ ದಿಕ್ಕು ಗೊತ್ತು ಮಾಡಿಕೊಂಡು ದಾರಿಯನ್ನು 40 ನಿಮಿಷಕ್ಕೆ ಇಳಿಸಿದರೆ 130 ನಿಮಿಷ, ದಿನಕ್ಕೆ ಮೂರು ಗಾಡಿ. ಇಬ್ಬರ ಸಂಬಳ, ಡೀಸೆಲ್, ಸಾಮಾನಿನ ಸವಕಳಿ ಸೇರಿ ದಿನಕ್ಕೆ 3,000 ಖರ್ಚು ಅಂದರೆ ಗಾಡಿಗೊಂದಕ್ಕೆ 1,500 ಬೀಳುವಲ್ಲಿ 1,000 ಬಿತ್ತು. ಕೈಚಳಕ ಚೂರೂ ಹೆಚ್ಚಿಲ್ಲ, ದಾರಿ ಮಾತ್ರ ಕಡಿಮೆಯಾದದ್ದು.

ಈ ಲೆಕ್ಕವನ್ನು ಹಾಳು ಮಾಡುವುದು ಎರಡನೇ ಸಲದ ಓಡಾಟ. ಹೋಗಿ ಬಿಚ್ಚಿ ನೋಡಿದ ಮೇಲೆ "ಪಾರ್ಟ್ ತರಲಿಲ್ಲ" ಅಂದರೆ ಆ ದಿನ ನಷ್ಟ. ಹಾಗಾಗಿ ಅರ್ಧ ರಿಪೇರಿ ಫೋನಿನಲ್ಲೇ ಆಗಬೇಕು. "ಸ್ಟಾರ್ಟ್ ಆಗುದಿಲ್ಲ" ಅನ್ನುವ ಒಂದು ಮಾತಿನ ಒಳಗೆ ಹತ್ತು ರೋಗ ಉಂಟು. ಕೀ ತಿರುಗಿಸಿದರೆ ಎಂತ ಕೇಳ್ತದೆ, ಏನೂ ಇಲ್ವಾ, ಟಕ್ ಅಂತದಾ, ಎಳೆದೆಳೆದು ತಿರುಗ್ತದಾ? ಆಗ ಹೆಡ್‌ಲೈಟು ಮಂಕಾಗ್ತದಾ? ಬಿಸಿ ಇದ್ದಾಗವಾ, ಬೆಳಿಗ್ಗೆಯಾ? ಇತ್ತೀಚೆಗೆ ಯಾರಾದರೂ ಕೈ ಹಾಕಿದ್ದಾರಾ? ಕೊನೇ ಪ್ರಶ್ನೆಗೆ ಯಾರೂ ಸುಲಭದಲ್ಲಿ ನಿಜ ಹೇಳುವುದಿಲ್ಲ, ಆದರೂ ಕೇಳಬೇಕು. ಡೀಸೆಲ್ ಮೆಟಡೋರಿನವರ ಹತ್ತಿರ "ಟ್ಯಾಂಕ್ ಪೂರಾ ಖಾಲಿಯಾಗಿತ್ತಾ, ಫಿಲ್ಟರ್ ಬದಲಿಸಿದ್ರಾ" ಅಂತ ಕೇಳಿದರೆ ಎಷ್ಟೋ ಸಲ ಅಲ್ಲೇ ಉತ್ತರ. ಪೈಪಿಗೆ ಗಾಳಿ ಹೊಕ್ಕಿರುತ್ತದೆ. ಕೈಪಂಪು ಒತ್ತಿ ಮೊದಲು ಫಿಲ್ಟರಿನಲ್ಲಿ, ಆಮೇಲೆ ಇಂಜೆಕ್ಷನ್ ಪಂಪಿನಲ್ಲಿ ಗಾಳಿ ಬಿಟ್ಟರೆ ಮುಗಿಯಿತು. ತುಳುವಿನಲ್ಲಿ ಕೇಳಲು ಬಂದರೆ ಇನ್ನೂ ಒಳ್ಳೆಯದು.

ಈಗ ಕರಾವಳಿಯ ದೊಡ್ಡ ರೋಗ, ತುಕ್ಕು. ಉಪ್ಪು ಗಾಳಿ, ವರ್ಷಕ್ಕೆ ಮೂರೂವರೆ ಮೀಟರಿನಷ್ಟು ಮಳೆ. ಬಾಡಿಯ ತುಕ್ಕು ಕಣ್ಣಿಗೆ ಕಾಣ್ತದೆ. ಕಾಣದ್ದು ವಯರಿನ ತುದಿಗಳದ್ದು. ಬ್ಯಾಟರಿಯ ನೆಗೆಟಿವ್‌ನಿಂದ ಬಾಡಿಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ಅರ್ತಿಂಗ್ ಪಟ್ಟಿಯ ಬೋಲ್ಟಿನ ಕೆಳಗೆ ಒಂದು ತೆಳು ಪದರ ತುಕ್ಕು ಕೂತಿದೆ ಅನ್ನಿ. ಅದರ ರೆಸಿಸ್ಟೆನ್ಸ್ 0.02 ಓಮ್. ಏನು ಮಹಾ ಅನಿಸ್ತದೆ ಅಲ್ವಾ? ಸ್ಟಾರ್ಟರ್ ಎಳೆಯುವುದು ಸುಮಾರು 100 ಆಂಪಿಯರ್. 0.02ನ್ನು 100ರಿಂದ ಗುಣಿಸಿ: 2 ವೋಲ್ಟ್ ಅಲ್ಲೇ ಹೋಯಿತು, 200 ವ್ಯಾಟ್ ಬೋಲ್ಟಿನ ತಲೆಯಲ್ಲಿ ಬಿಸಿಯಾಗಿ. ಸ್ಟಾರ್ಟರ್ ಎಳೆದೆಳೆದು ತಿರುಗ್ತದೆ, ಗಾಡಿಯವರು ಹೊಸ ಬ್ಯಾಟರಿ ತರ್ತಾರೆ, ಎರಡು ದಿನ ಸರಿ, ಮತ್ತೆ ಹಾಡು ಅದೇ.

ಮಲ್ಟಿಮೀಟರಿನಲ್ಲಿ ಓಮ್ ನೋಡಿದರೆ ಈ 0.02 ಸಿಕ್ಕುವುದೇ ಇಲ್ಲ, ಮೀಟರಿನ ಸ್ವಂತ ವಯರುಗಳದ್ದೇ ಅದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಆದ್ದರಿಂದ ಓಮ್ ಅಳೆಯಬೇಡಿ, ಕರೆಂಟು ಹರಿಯುವಾಗ ವೋಲ್ಟ್ ಅಳೆಯಿರಿ. ಕಪ್ಪು ಮುಳ್ಳು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಕೆಂಪು ಮುಳ್ಳು ಎಂಜಿನ್ ಬ್ಲಾಕಿನ ಶುಭ್ರ ಲೋಹಕ್ಕೆ ಹಿಡಿದು, ಒಬ್ಬರು ಸ್ಟಾರ್ಟರ್ ತಿರುಗಿಸಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಬೋಲ್ಟ್ ಬಿಚ್ಚಿ, ಉಜ್ಜಿ, ಗ್ರೀಸ್ ಹಚ್ಚಿ ಬಿಗಿಯಿರಿ. ಖರ್ಚು ಒಂದು ತುಂಡು ಎಮರಿ ಪೇಪರು. ಬ್ಯಾಟರಿ ಮಾರಿದ್ದರೆ ಸಾವಿರಾರು ರೂಪಾಯಿಯ ವ್ಯಾಪಾರ ಆಗ್ತಿತ್ತು, ನಿಜ. ಆದರೆ ಗಾಡಿ ಇದ್ದಲ್ಲಿಗೆ ಹೋಗುವವರ ಬಂಡವಾಳ ಮೀಟರು ಮತ್ತು ನಂಬಿಕೆ, ಗೋದಾಮಲ್ಲ.

ಸ್ಪ್ರಿಂಗಿನ ಬಗ್ಗೆ ಒಂದು ಮಾತು. ವ್ಯಾನಿನ ಹಿಂಭಾಗ ಕೂತಿರುವುದು ಲೀಫ್ ಸ್ಪ್ರಿಂಗ್ ಮೇಲೆ. ಇದರಲ್ಲಿ ನಮ್ಮ ಊರಿಗೆ ಹಳೇ ಸಂಬಂಧ ಉಂಟು. 1914ರಲ್ಲೇ ಸಿಪಿಸಿ ಕಂಪೆನಿ ಬಸ್ಸು ಓಡಿಸಿದ ಊರು ಇದು, ವಿ.ಎಸ್. ಕುಡ್ವರ ಕೆನರಾ ವರ್ಕ್‌ಶಾಪ್ಸ್ ಇಲ್ಲಿಯೇ ಕೆನರಾ ಸ್ಪ್ರಿಂಗ್ಸ್ ಹೆಸರಿನಲ್ಲಿ ಲೀಫ್ ಸ್ಪ್ರಿಂಗ್ ತಯಾರಿಸಿತು. ತುಂಡಾದ ಸ್ಪ್ರಿಂಗ್ ಎಲೆಯನ್ನು ರಸ್ತೆಬದಿಯಲ್ಲಿ ವೆಲ್ಡ್ ಮಾಡಿ ಕಳಿಸುವವರು ಈಗಲೂ ಇದ್ದಾರೆ. ಬೇಡ. ಹದ ಕೊಟ್ಟ ಉಕ್ಕಿಗೆ ವೆಲ್ಡಿಂಗಿನ ಬಿಸಿ ತಾಗಿದರೆ ಹದ ಹೋಯಿತು, ಬೆಸುಗೆಯ ಪಕ್ಕದಲ್ಲೇ ಮತ್ತೆ ತುಂಡಾಗ್ತದೆ.

ಬ್ರೇಕಿನಲ್ಲಿ ಇನ್ನೂ ಕಟ್ಟುನಿಟ್ಟು. ಜನ, ಸಾಮಾನು ಸೇರಿ 1,200 ಕೆ.ಜಿ.ಯ ವ್ಯಾನು ಚಾರ್ಮಾಡಿ ಘಾಟಿಯಲ್ಲಿ 700 ಮೀಟರ್ ಇಳಿಯಿತು ಎಂದು ಹಿಡಿಯಿರಿ. ಎಂಜಿಎಚ್ ಲೆಕ್ಕದಲ್ಲಿ ಸುಮಾರು 82 ಲಕ್ಷ ಜೂಲ್. ಮೂರು ಲೀಟರ್ ನೀರನ್ನು ಕುದಿಸಿ ಪೂರ್ತಿ ಆವಿ ಮಾಡಲಿಕ್ಕೆ ಇಷ್ಟು ಸಾಕು. ಸಣ್ಣ ಗೇರಿನಲ್ಲಿ ಇಳಿದರೆ ಸ್ವಲ್ಪ ಪಾಲು ಎಂಜಿನ್ ತಕೊಳ್ತದೆ, ಉಳಿದದ್ದೆಲ್ಲ ಬ್ರೇಕಿಗೆ. ಡಾಟ್ 3 ಬ್ರೇಕ್ ಆಯಿಲ್ ಹೊಸತಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು. ಆದರೆ ಅದು ಗಾಳಿಯ ತೇವ ಹೀರುತ್ತದೆ, ಮಂಗಳೂರಿನಲ್ಲಿ ತೇವಕ್ಕೆ ಬರಗಾಲ ಇಲ್ಲ. 3.7 ಶೇಕಡ ನೀರು ಸೇರಿದರೆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಆಯಿಲ್ ಕುದಿದು ಗುಳ್ಳೆ ಬಂತು ಅಂದರೆ ಪೆಡಲು ನೆಲಕ್ಕೆ. ಕದ್ರಿಯಲ್ಲಿ ಓಡಿಸಿ ನೋಡಿದಾಗ ಈ ಬ್ರೇಕು ಚಂದ ಹಿಡಿದಿರುತ್ತದೆ, ಅದೇ ಹೆದರಿಕೆ. ಹಾಗಾಗಿ ಗಾಡಿ ಎಲ್ಲಿಗೆ ಹೋಗಲಿಕ್ಕುಂಟು ಅಂತ ಕೇಳಿಯೇ ಕೆಲಸ ಶುರು ಮಾಡಬೇಕು. ಆಯಿಲ್ ಕೊನೆಗೆ ಯಾವಾಗ ಬದಲಿಸಿದ್ದು ಗೊತ್ತಿಲ್ಲದಿದ್ದರೆ, ಅಥವಾ ವೀಲ್ ಸಿಲಿಂಡರ್ ಜಿನುಗುತ್ತಿದ್ದರೆ, "ಇವತ್ತು ಘಾಟಿ ಇಳಿಯುವುದು ಬೇಡ" ಅಂತ ಹೇಳಬೇಕು, ಬಿಲ್ಲಿನಲ್ಲೂ ಬರೆಯಬೇಕು. ಮದುವೆ ದಿಬ್ಬಣ ಹೊರಟು ನಿಂತಿದ್ದರೂ.

ಬೇಡ ಅನ್ನುವ ಪಟ್ಟಿಯಲ್ಲಿ ಇನ್ನೆರಡು ಉಂಟು. ಈಗ ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಶೇಕಡದವರೆಗೆ ಎಥನಾಲ್. ಹಳೇ ಗಾಡಿಯ ರಬ್ಬರ್ ಪೈಪುಗಳು ಅದಕ್ಕೆ ಮಾಡಿದ್ದಲ್ಲ. ಬೆರಳಲ್ಲಿ ಬಗ್ಗಿಸಿದಾಗ ಬಿರುಕು ಕಂಡರೆ, ಒತ್ತಿದರೆ ಮೆತ್ತಗಾಗಿದ್ದರೆ, ಬೇರೆ ಯಾವ ಕೆಲಸಕ್ಕೂ ಮೊದಲು ಅದು ಬದಲಾಗಬೇಕು. ಓಮ್ನಿಯಲ್ಲಿ ಸೋರುವ ಪೆಟ್ರೋಲು, ಬಿಸಿ ಎಂಜಿನ್ನು, ಡ್ರೈವರು ಮೂರೂ ಒಂದೇ ಸೀಟಿನ ಸುತ್ತ ಇರ್ತಾರೆ. ಎರಡನೆಯದು ಅಡುಗೆ ಗ್ಯಾಸಿನ ಸಿಲಿಂಡರ್ ಜೋಡಿಸಿದ ವ್ಯಾನು. ಗ್ಯಾಸು ಗಾಳಿಗಿಂತ ಭಾರ, ಸೋರಿದ್ದು ಮೇಲೆ ಹಾರಿಹೋಗದೆ ವ್ಯಾನಿನ ನೆಲದಲ್ಲೇ ನಿಲ್ಲುತ್ತದೆ. ಇಂಥ ಗಾಡಿಯ ಹೆಡ್‌ಲೈಟ್ ಬಲ್ಬು ಬದಲಿಸಲಿಕ್ಕೂ ಒಪ್ಪಬಾರದು ಅಂತ ನಮ್ಮ ಅಭಿಪ್ರಾಯ. ಅದರಲ್ಲಿ ನಾಳೆ ಶಾಲೆಗೆ ಹೋಗುವ ಮಕ್ಕಳಿದ್ದಾರೆ ಅಂತಾದರೆ ಸುಮ್ಮನೆ ತಿರುಗಿ ಬರುವುದೂ ಸಾಲದು, ಶಾಲೆಯವರಿಗೆ ತಿಳಿಸಬೇಕು.

ಬೇಡ ಅಂದು ಬಂದ ದಿನಕ್ಕೂ ಹಣ ಉಂಟಾ? ಉಂಟು. ನೋಡಿ ಹೇಳುವ ಶುಲ್ಕ ಬೇರೆ, ರಿಪೇರಿಯ ಕೂಲಿ ಬೇರೆ ಅಂತ ಫೋನಿನಲ್ಲೇ ಹೇಳಿರಬೇಕು. ಬಿಚ್ಚಿದರೆ ಮಾತ್ರ ಹಣ ಅನ್ನುವ ಪದ್ಧತಿಯಲ್ಲಿ, ಬಿಚ್ಚಬೇಕಾದ್ದಿಲ್ಲದಿದ್ದರೂ ಬಿಚ್ಚುವ ಆಸೆ ಹುಟ್ಟುತ್ತದೆ.

ಉಳಿದದ್ದು ಅಂಗಳದ ಶಿಸ್ತು. ಇಲ್ಲಿ ಸಮತಟ್ಟು ಅಂಗಳ ಕಡಿಮೆ, ಚಕ್ರಕ್ಕೆ ಮರದ ಕಟ್ಟೆ ಕೊಡದೆ ಜಾಕ್ ಮುಟ್ಟಬಾರದು, ಬರೀ ಜಾಕ್ ನಂಬಿ ಅಡಿಗೆ ಹೋಗಲೇಬಾರದು, ಸ್ಟ್ಯಾಂಡ್ ಬೇಕು. ಎಂಜಿನ್ ಆಯಿಲ್ ಬದಲಿಸಿದರೆ ಹಳೇದನ್ನು ಕ್ಯಾನಿಗೆ ತುಂಬಿಸಿ ವಾಪಸ್ ತರಬೇಕು. 2016ರ ನಿಯಮದಲ್ಲಿ ಅದು ಅಪಾಯಕಾರಿ ತ್ಯಾಜ್ಯ. "ಅಲ್ಲೇ ತೆಂಗಿನ ಬುಡಕ್ಕೆ ಚೆಲ್ಲಿ" ಅಂತ ಮನೆಯವರೇ ಹೇಳ್ತಾರೆ. ನಮ್ಮ ಮುರಕಲ್ಲಿನ ನೆಲದಲ್ಲಿ ರಂಧ್ರಗಳೇ ಹೆಚ್ಚು, ಮಳೆಗಾಲದಲ್ಲಿ ಚೆಲ್ಲಿದ್ದು ಇಳಿದು ಹೋಗುವುದು ಹತ್ತು ಹೆಜ್ಜೆ ಆಚೆಯ ಬಾವಿಗೆ. ಆದ್ದರಿಂದ ಹೊರಡುವ ಮೊದಲು ಸಾಮಾನು ಲೆಕ್ಕ ಹಾಕುವಾಗ ಸ್ಪ್ಯಾನರ್ ಸೆಟ್ಟಿನ ಜೊತೆ ಎರಡು ಖಾಲಿ ಕ್ಯಾನು, ಒಂದು ಫನಲ್ಲು, ಹಾಸಲಿಕ್ಕೆ ಒಂದು ಹಳೇ ಟರ್ಪಾಲು.