ಸಂಬಂಧ ಕಡಿತದ ಪತ್ರ ಮತ್ತು ಪರವಾನಗಿಯ ಷರತ್ತು: ಜಪಾನಿನ ಯಾಕುಜಾ ಕೂಟಗಳನ್ನು ಕುರಿತ ಒಂದು ವಿವೇಚನೆ

ಸಂಬಂಧವನ್ನು ಬೆಸೆಯುವುದಕ್ಕೆ ಆಚರಣೆಗಳಿರುವಂತೆ ಅದನ್ನು ಕಡಿದುಕೊಳ್ಳುವುದಕ್ಕೂ ಪ್ರತಿಯೊಂದು ಸಮಾಜದಲ್ಲಿ ವಿಧಿವಿಧಾನಗಳಿವೆ. ಕನ್ನಡ ನಾಡಿನ ಗ್ರಾಮೀಣ ಬದುಕಿನಲ್ಲಿ ‘ಕುಲದಿಂದ ಹೊರಗೆ ಹಾಕುವುದು’, ದಂಡ ಕಟ್ಟಿಸಿಕೊಂಡು ‘ಕುಲಕ್ಕೆ ಸೇರಿಸಿಕೊಳ್ಳುವುದು’ ಎಂಬ ನುಡಿಗಟ್ಟುಗಳು ಅಂಥ ವಿಧಿಗಳ ನೆನಪನ್ನು ಉಳಿಸಿಕೊಂಡಿವೆ. ಅಲ್ಲಿ ಹೊರಹಾಕುವವರೂ ಮರಳಿ ಸೇರಿಸಿಕೊಳ್ಳುವವರೂ ಒಂದೇ ಸಮುದಾಯದವರು. ಹೊರಹಾಕುವ ಅಧಿಕಾರ ಅಪರಾಧಿ ಕೂಟವೊಂದರ ಕೈಯಲ್ಲಿದ್ದು, ಸೇರಿಸಿಕೊಳ್ಳುವ ಅಧಿಕಾರ ಪ್ರಭುತ್ವದ ಕೈಯಲ್ಲಿದ್ದರೆ ಇವೆರಡರ ನಡುವಣ ವ್ಯಕ್ತಿಯ ಸ್ಥಿತಿ ಏನಾಗುತ್ತದೆ? ಜಪಾನಿನ ಯಾಕುಜಾ ಕೂಟಗಳನ್ನು ತೊರೆದವರ ದುಡಿಮೆಯ ಹಕ್ಕನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಬಂಧದ ಭಾಷೆ

ಯಾಕುಜಾ ಕೂಟಗಳ ರಚನೆ ಕುಟುಂಬದ ಪರಿಭಾಷೆಯಲ್ಲಿದೆ. ನಾಯಕ ‘ಒಯಾಬುನ್’, ಅಂದರೆ ತಂದೆಯ ಸ್ಥಾನದವನು. ಅನುಯಾಯಿ ‘ಕೊಬುನ್’, ಅಂದರೆ ಮಗನ ಸ್ಥಾನದವನು. ‘ಸಾಕಾಜುಕಿ’ ಎಂಬ ಮದ್ಯದ ಬಟ್ಟಲನ್ನು ವಿಧ್ಯುಕ್ತವಾಗಿ ಹಂಚಿಕೊಳ್ಳುವುದರ ಮೂಲಕ ಈ ಸಂಬಂಧ ಏರ್ಪಡುತ್ತದೆ. ಇಲ್ಲಿ ಕರಾರುಪತ್ರಕ್ಕಿಂತ ಬಟ್ಟಲಿಗೆ ಹೆಚ್ಚು ಮಾನ್ಯತೆ. ರಕ್ತಸಂಬಂಧವಿಲ್ಲದವರನ್ನು ರಕ್ತಸಂಬಂಧಿಗಳನ್ನಾಗಿ ಮಾಡುವ ಈ ಕ್ರಿಯೆಯೇ ಕೂಟದ ಬಲವೂ ಹೌದು, ಅದರಿಂದ ಬಿಡಿಸಿಕೊಳ್ಳುವುದರ ಕಷ್ಟಕ್ಕೆ ಮೂಲವೂ ಹೌದು.

2. ಕಡಿತದ ಪತ್ರ

ಬಂಧ ಬಟ್ಟಲಿನಿಂದ ಆರಂಭವಾದರೆ ಅದರ ಮುಕ್ತಾಯ ಕಾಗದದ ಮೇಲೆ ಆಗುತ್ತದೆ. ‘ಹಮೊನ್‌ಜೋ’ ಎಂಬುದು ಸದಸ್ಯನನ್ನು ಹೊರಹಾಕಿದ ಸಂಗತಿಯನ್ನು ಇತರ ಕೂಟಗಳಿಗೆ ತಿಳಿಸುವ ಪತ್ರ. ‘ಹಮೊನ್’ ಪದದ ಅಕ್ಷರಾರ್ಥ ಬಾಗಿಲನ್ನು ಮುರಿಯುವುದು. ಗುರುವು ಶಿಷ್ಯನನ್ನು ತನ್ನ ಪರಂಪರೆಯಿಂದ ಹೊರಹಾಕುವುದಕ್ಕೂ ಇದೇ ಪದ ಬಳಕೆಯಲ್ಲಿದೆ. ಇದಕ್ಕಿಂತ ಕಠಿಣವಾದದ್ದು ‘ಜೆತ್ಸುಎನ್’. ಇದರಲ್ಲಿನ ‘ಎನ್’ ಎಂಬುದು ಬೌದ್ಧ ಹಿನ್ನೆಲೆಯ ಪದ. ಕನ್ನಡದ ‘ಋಣಾನುಬಂಧ’ಕ್ಕೆ ಸಮೀಪದ ಅರ್ಥಛಾಯೆ ಅದಕ್ಕಿದೆ. ಹೀಗಾಗಿ ‘ಜೆತ್ಸುಎನ್’ ಎಂದರೆ ಋಣವನ್ನೇ ಹರಿದುಕೊಳ್ಳುವುದು.

ಈ ಪತ್ರಗಳ ಒಕ್ಕಣೆಗೆ ಒಂದು ಸಿದ್ಧ ಮಾದರಿಯಿದೆ. ಇಂಥ ದಿನದಿಂದ ಇಂಥವನಿಗೂ ಕೂಟಕ್ಕೂ ಸಂಬಂಧವಿಲ್ಲ; ಆದ್ದರಿಂದ ಅವನೊಡನೆ ನಂಟು, ಸ್ನೇಹ, ವ್ಯವಹಾರ ಬೇಡ, ಅವನಿಗೆ ಅತಿಥಿಯ ಸ್ಥಾನವನ್ನೂ ಕೊಡಬಾರದು ಎಂಬ ವಿನಂತಿ ಅದರಲ್ಲಿರುತ್ತದೆ. ಶಾಯಿಯ ಬಣ್ಣಕ್ಕೂ ಅರ್ಥವಿದೆ. ಕಪ್ಪು ಅಕ್ಷರದ ಪತ್ರ ಮರಳುವ ಸಾಧ್ಯತೆಯನ್ನು ಉಳಿಸಿದರೆ, ಕೆಂಪು ಅಕ್ಷರದ್ದು ಅದನ್ನು ಮುಚ್ಚಿಬಿಡುತ್ತದೆ. ಗಮನಿಸಬೇಕಾದ ಅಂಶವೆಂದರೆ, ಈ ಪತ್ರದ ಓದುಗರು ಇತರ ಕೂಟಗಳೇ ಹೊರತು ಸರ್ಕಾರವಲ್ಲ. ಕೂಟದ ಒಳಲೋಕಕ್ಕೆಂದು ಬರೆದ ಪಠ್ಯ ಹೊರಲೋಕದಲ್ಲಿ ಸಾಕ್ಷ್ಯವಾಗಬೇಕಾಗಿ ಬಂದಾಗ ತೊಡಕು ಶುರುವಾಗುತ್ತದೆ.

3. ಕಾನೂನಿನ ಗಡುವು

ಜಪಾನಿನಲ್ಲಿ 1991ರಲ್ಲಿ ರೂಪುಗೊಂಡು 1992ರ ಮಾರ್ಚ್ 1ರಂದು ಜಾರಿಗೆ ಬಂದ ಹಿಂಸಾಕೂಟ ನಿಯಂತ್ರಣ ಕಾಯ್ದೆಯು ಈ ಕೂಟಗಳನ್ನು ನಿಷೇಧಿಸಲಿಲ್ಲ. ಅವುಗಳನ್ನು ಗುರುತಿಸಿ, ಪಟ್ಟಿ ಮಾಡಿ, ನಿರ್ಬಂಧಿಸಿತು. 2010ರಲ್ಲಿ ಫುಕುಒಕಾದಲ್ಲಿ ಜಾರಿಯಾದ ಬಹಿಷ್ಕಾರ ನಿಯಮಾವಳಿಯ ಮಾದರಿ 2011ರ ಅಕ್ಟೋಬರ್ 1ರ ವೇಳೆಗೆ ಎಲ್ಲ 47 ಪ್ರಾಂತಗಳಿಗೂ ಹರಡಿತು. ಇದರೊಂದಿಗೆ ನಿಯಂತ್ರಣದ ಭಾರ ಪೊಲೀಸರಿಂದ ನಾಗರಿಕರ ಮೇಲೂ ಬಿದ್ದಿತು. ಮನೆ ಬಾಡಿಗೆ, ಬ್ಯಾಂಕ್ ಖಾತೆ, ಗುತ್ತಿಗೆ ಮೊದಲಾದ ಕರಾರುಗಳಲ್ಲಿ ‘ನಾನು ಅಂಥ ಕೂಟಕ್ಕೆ ಸೇರಿದವನಲ್ಲ’ ಎಂಬ ಘೋಷಣೆ ಸಾಮಾನ್ಯವಾಯಿತು.

ಪರವಾನಗಿಯ ಮಾತು ಬಂದಾಗ ಕಾನೂನು ಇನ್ನೂ ಬಿಗಿಯಾಗಿದೆ. ಕಟ್ಟಡ ನಿರ್ಮಾಣ, ತ್ಯಾಜ್ಯ ವಿಲೇವಾರಿ, ಮನೆ-ನಿವೇಶನಗಳ ಮಾರಾಟ ಮುಂತಾದ ವೃತ್ತಿಗಳಲ್ಲಿ ಕೂಟದ ಸದಸ್ಯನಷ್ಟೇ ಅಲ್ಲ, ಸದಸ್ಯತ್ವ ಕಳೆದುಕೊಂಡು ಐದು ವರ್ಷ ತುಂಬದವನೂ ಅನರ್ಹ. ನಿರ್ಮಾಣ ಸಂಸ್ಥೆಯ ನಿರ್ದೇಶಕರಲ್ಲಿ ಅಂಥವನೊಬ್ಬನಿದ್ದರೆ ಇಡೀ ಸಂಸ್ಥೆಯ ಪರವಾನಗಿ ರದ್ದಾಗುತ್ತದೆ. ಆದರೆ ಕೂಟಕ್ಕೆ ಹಣ ಸಲ್ಲಿಸುತ್ತಿದ್ದ ವ್ಯಾಪಾರಿಯ ಪಾಡು ಬೇರೆ. ಟೋಕಿಯೊ ನಿಯಮಾವಳಿಯ ಪ್ರಕಾರ ಅವನು ತಾನಾಗಿ ವಿಷಯ ತಿಳಿಸಿ, ಮುಂದೆ ಹಾಗೆ ಮಾಡುವುದಿಲ್ಲವೆಂದು ಬರೆದುಕೊಟ್ಟರೆ ಕ್ರಮದಿಂದ ವಿನಾಯಿತಿ ಪಡೆಯಬಹುದು. ಹೊರಗಿನವನ ಕಡಿತಕ್ಕೆ ಒಂದು ಮುಚ್ಚಳಿಕೆ ಸಾಕು. ಒಳಗಿದ್ದವನ ಕಡಿತಕ್ಕೆ ಐದು ವರ್ಷದ ಕಾಯುವಿಕೆ ಬೇಕು.

4. ಸಂಶಯ ಮತ್ತು ಅದರ ಬೆಲೆ

ಈ ಗಡುವನ್ನು ಕೇವಲ ಕ್ರೌರ್ಯವೆಂದು ತಳ್ಳಿಹಾಕಲಾಗದು. ಹೊರಹಾಕಿದಂತೆ ಪತ್ರ ಹೊರಡಿಸಿ, ಒಳಗಿಂದೊಳಗೆ ವ್ಯವಹಾರ ಮುಂದುವರಿಸುವ ‘ಹುಸಿ ಉಚ್ಚಾಟನೆ’ಯ ತಂತ್ರ ಅಲ್ಲಿನ ಪೊಲೀಸರಿಗೆ ಪರಿಚಿತವಾದದ್ದು. ಸಂಬಂಧ ಹರಿದಿದೆ ಎಂದು ಹೇಳುವ ಪತ್ರವನ್ನು ಬರೆಯುವವನು ಕೂಟದ ನಾಯಕನೇ ಆಗಿರುವಾಗ ಆ ಮಾತನ್ನು ಇದ್ದಕ್ಕಿದ್ದಂತೆ ನಂಬುವುದು ಸಾಧ್ಯವಿಲ್ಲ. ಪತ್ರ ಸುಳ್ಳಾಗಬಹುದಾದ್ದರಿಂದ ಕಾನೂನು ಕಾಲವನ್ನು ಸಾಕ್ಷಿಯಾಗಿ ನಿಲ್ಲಿಸಿದೆ.

ಆದರೆ ಕಾಲಕ್ಕೆ ಪ್ರಾಮಾಣಿಕನನ್ನೂ ಕಪಟಿಯನ್ನೂ ಬೇರ್ಪಡಿಸುವ ಶಕ್ತಿಯಿಲ್ಲ. ನಿಜವಾಗಿ ಹೊರಬಂದವನಿಗೆ ಬ್ಯಾಂಕ್ ಖಾತೆ ದೊರೆಯದಿದ್ದರೆ ಸಂಬಳ ಪಡೆಯುವ ದಾರಿ ಇಕ್ಕಟ್ಟಾಗುತ್ತದೆ. ಸಂಬಳದ ಕೆಲಸವಿಲ್ಲದೆ ಐದು ವರ್ಷ ಕಳೆಯಬೇಕಾದವನಿಗೆ ಹಳೆಯ ಬಾಗಿಲೇ ಹತ್ತಿರವೆನಿಸುತ್ತದೆ. ಗಡುವು ತಡೆಯಬೇಕೆಂದಿದ್ದ ಮರಳುವಿಕೆಗೆ ಗಡುವೇ ಕಾರಣವಾಗುವ ವೈರುಧ್ಯವಿದು. ಹೊರಬರುವವರಿಗೆ ನೆರವಾಗಲು ಪ್ರತಿ ಪ್ರಾಂತದಲ್ಲಿಯೂ ಕೂಟ-ನಿರ್ಮೂಲನ ಕೇಂದ್ರಗಳಿವೆ. ಅವುಗಳ ಹಾಗೂ ಪೊಲೀಸರ ನೆರವಿನಿಂದ, ಸಹಕರಿಸುವ ಸಂಸ್ಥೆಗಳಲ್ಲಿ ಕೆಲಸಕ್ಕೆ ಸೇರಿದವರಿಗೆ ಖಾತೆ ತೆರೆಯಲು ಅವಕಾಶ ಕೊಡಬೇಕೆಂದು 2022ರಲ್ಲಿ ಸರ್ಕಾರವು ಬ್ಯಾಂಕುಗಳನ್ನು ಕೋರಿತು. ಈ ಕ್ರಮದ ಮಹತ್ವ ಖಾತೆಗಿಂತ ದೊಡ್ಡದು. ಹೊರಬಂದವನ ಪರವಾಗಿ ಕೂಟವಲ್ಲದ ಇನ್ನೊಬ್ಬರು ಮಾತು ಕೊಡುವ ಪದ್ಧತಿ ಇದರಲ್ಲಿದೆ.

ಸಮಾರೋಪ

1963ರಲ್ಲಿ ಸುಮಾರು 1,84,000 ಇದ್ದ ಕೂಟಗಳ ಸದಸ್ಯರು ಮತ್ತು ಸಹವರ್ತಿಗಳ ಸಂಖ್ಯೆ 2024ರ ಕೊನೆಗೆ ಸುಮಾರು 18,800ಕ್ಕೆ ಇಳಿದಿದೆ. ನಿಯಂತ್ರಣದ ದೃಷ್ಟಿಯಿಂದ ಇದು ಸಾಧನೆಯೇ. ಆದರೆ ಹೊರಬಂದವರು ಎಲ್ಲಿಗೆ ಸೇರಿದರು ಎಂಬುದನ್ನು ಈ ಅಂಕಿಗಳು ಹೇಳುವುದಿಲ್ಲ. ಸಾಮಾಜಿಕ ಜಾಲತಾಣಗಳ ಮೂಲಕ ಒಂದು ಅಪರಾಧಕ್ಕಾಗಿ ಕೂಡಿ ಚದುರುವ ಅನಾಮಿಕ ಗುಂಪುಗಳನ್ನು ಜಪಾನಿನ ಪೊಲೀಸರು 2023ರಿಂದ ಪ್ರತ್ಯೇಕ ವರ್ಗವಾಗಿ ಗುರುತಿಸುತ್ತಿದ್ದಾರೆ. ಅಲ್ಲಿ ಬಟ್ಟಲೂ ಇಲ್ಲ, ಪತ್ರವೂ ಇಲ್ಲ. ಕಡಿದುಕೊಂಡದ್ದಕ್ಕೆ ದಿನಾಂಕವೂ ಇರುವುದಿಲ್ಲ.

ಒಟ್ಟಾರೆಯಾಗಿ, ಹೊರಹಾಕುವ ಪತ್ರ ಒಂದು ದಿನದಲ್ಲಿ ಸಿದ್ಧವಾಗುತ್ತದೆ. ಒಳಗೆ ಕರೆದುಕೊಳ್ಳುವ ಪತ್ರವನ್ನು ಬರೆಯಬೇಕಾದವರು ಯಾರು ಎಂಬುದು ಬಹುಕಾಲ ನಿರ್ಧಾರವಾಗಿರಲಿಲ್ಲ. ಕುಲಕ್ಕೆ ಸೇರಿಸಿಕೊಳ್ಳುವ ವಿಧಿಯಿಲ್ಲದೆ ಕುಲದಿಂದ ಹೊರಬರುವಂತೆ ಕೇಳುವ ವ್ಯವಸ್ಥೆ ಅಪೂರ್ಣವಾದದ್ದು. ದುಡಿಮೆಯ ಪರವಾನಗಿಯನ್ನು ಸಂಬಂಧ ಕಡಿತದ ಬಹುಮಾನವೆಂದು ನೋಡುವುದಕ್ಕಿಂತ, ಆ ಕಡಿತ ಉಳಿದು ಬಾಳುವುದಕ್ಕೆ ಬೇಕಾದ ಆಧಾರವೆಂದು ನೋಡುವುದು ಹೆಚ್ಚು ಯುಕ್ತವೆನಿಸುತ್ತದೆ.