ಮೂಳೆಯ ಬಲ ಮತ್ತು ‘ಡಿ’ ಜೀವಸತ್ವ: ಬ್ರಿಟನ್ನಿನ ಸೋದರಿಯರ ಅನುಭವ ಕಲಿಸುವ ಪಾಠ

“ಸೊಸೆಗೆ ಸದಾ ಮೈಕೈ ನೋವು, ಕೆಲಸ ತಪ್ಪಿಸಿಕೊಳ್ಳಲು ಒಂದು ನೆಪ” ಎಂಬ ಮಾತು ನಮ್ಮ ಮನೆಗಳಲ್ಲಿ ಹೊಸದಲ್ಲ. ಆದರೆ ಕುಳಿತಲ್ಲಿಂದ ಏಳಲು ತೊಡೆಗಳಲ್ಲಿ ಬಲವಿಲ್ಲದಿರುವುದು, ಮೆಟ್ಟಿಲು ಹತ್ತಲಾಗದಿರುವುದು, ಸೊಂಟ ಹಾಗೂ ಪಕ್ಕೆಲುಬುಗಳಲ್ಲಿ ಬಿಡದೆ ನೋವಿರುವುದು ಸೋಮಾರಿತನದ ಲಕ್ಷಣಗಳಲ್ಲ. ಮೂಳೆಗಳು ಮೆದುವಾಗುತ್ತಿರುವುದರ ಸೂಚನೆ ಅವಾಗಿರಬಹುದು. ಇದಕ್ಕೆ ಮುಖ್ಯ ಕಾರಣ ‘ಡಿ’ ಜೀವಸತ್ವದ ಕೊರತೆ. ಬ್ರಿಟನ್ನಿಗೆ ವಲಸೆ ಹೋದ ಭಾರತ, ಪಾಕಿಸ್ತಾನ ಮತ್ತು ಬಾಂಗ್ಲಾದೇಶ ಮೂಲದ ಮಹಿಳೆಯರ ಅನುಭವವು ಈ ವಿಷಯದಲ್ಲಿ ನಮಗೊಂದು ಪಾಠವಾಗಿದೆ.

‘ಡಿ’ ಜೀವಸತ್ವದ ಕಾರ್ಯ

ರಾಗಿ, ಹಾಲು, ಸೊಪ್ಪುಗಳಲ್ಲಿರುವ ಸುಣ್ಣಾಂಶವನ್ನು ಕರುಳು ಹೀರಿಕೊಳ್ಳಲು ‘ಡಿ’ ಜೀವಸತ್ವ ಅತ್ಯಗತ್ಯ. ಅದಿಲ್ಲದಿದ್ದರೆ ಉಂಡ ಸುಣ್ಣಾಂಶದ ಬಹುಭಾಗ ವ್ಯರ್ಥವಾಗುತ್ತದೆ. ಕೊಬ್ಬುಳ್ಳ ಕೆಲವು ಮೀನುಗಳು ಮತ್ತು ಮೊಟ್ಟೆಯ ಹಳದಿ ಭಾಗವನ್ನು ಬಿಟ್ಟರೆ ಆಹಾರದಲ್ಲಿ ಈ ಜೀವಸತ್ವ ಅಪರೂಪ. ಸೂರ್ಯನ ನೇರಳಾತೀತ ಕಿರಣಗಳು ಬರಿಯ ಚರ್ಮದ ಮೇಲೆ ಬಿದ್ದಾಗ ನಮ್ಮ ದೇಹವೇ ಅದನ್ನು ತಯಾರಿಸಿಕೊಳ್ಳುತ್ತದೆ. ಬಟ್ಟೆಯಾಗಲಿ ಕಿಟಕಿಯ ಗಾಜಾಗಲಿ ಅಡ್ಡಬಂದರೆ ಈ ಕಾರ್ಯ ನಡೆಯದು.

ಗ್ಲಾಸ್ಗೋ ನಗರದಲ್ಲಿ ಕಂಡದ್ದು

1962ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಡಾ. ಡನ್ನಿಗನ್ ಮತ್ತು ಅವರ ಸಹೋದ್ಯೋಗಿಗಳು ಅಲ್ಲಿನ ಪಾಕಿಸ್ತಾನಿ ಕುಟುಂಬಗಳಲ್ಲಿ ಮಕ್ಕಳ ಮೂಳೆ ಬಾಗುವ ರಿಕೆಟ್ಸ್ ರೋಗವನ್ನೂ ದೊಡ್ಡವರ ಮೂಳೆ ಮೆದುವಾಗುವ ಆಸ್ಟಿಯೋಮಲೇಸಿಯ ರೋಗವನ್ನೂ ವರದಿ ಮಾಡಿದರು. ಆ ನಾಡಿನಲ್ಲಿ ಅಕ್ಟೋಬರಿನಿಂದ ಮಾರ್ಚ್ ಆರಂಭದವರೆಗಿನ ಬಿಸಿಲಿಗೆ ಈ ಜೀವಸತ್ವವನ್ನು ಉಂಟುಮಾಡುವ ಶಕ್ತಿ ಸಾಲದು. ಕಪ್ಪು ಚರ್ಮಕ್ಕೆ ಬಿಳಿಯ ಚರ್ಮಕ್ಕಿಂತ ಹೆಚ್ಚು ಹೊತ್ತು ಬಿಸಿಲು ಬೇಕು. ಅನೇಕ ಮಹಿಳೆಯರು ಮೈತುಂಬ ಉಡುಪು ಧರಿಸಿ ಬಹುಪಾಲು ಮನೆಯೊಳಗೇ ಇರುತ್ತಿದ್ದರು. ಅಲ್ಲಿ ಮಾರ್ಗರೀನಿಗೆ ‘ಡಿ’ ಜೀವಸತ್ವ ಸೇರಿಸಲಾಗುತ್ತಿತ್ತು; ಆದರೆ ತುಪ್ಪ, ಬೆಣ್ಣೆ ಬಳಸುವ ಮನೆಗಳಿಗೆ ಅದರ ಪ್ರಯೋಜನ ದೊರೆಯಲಿಲ್ಲ.

ಇಲ್ಲಿ ಯಾರ ಉಡುಪಾಗಲಿ ಆಚಾರವಾಗಲಿ ತಪ್ಪಲ್ಲ. ಹೊಸ ನಾಡಿನ ಬಿಸಿಲು ಸಾಲದೆಂಬ ತಿಳಿವಳಿಕೆಯ ಅಭಾವವೇ ಕೆಡುಕಿಗೆ ದಾರಿಯಾಯಿತು. ತಾಯಿಯ ಕೊರತೆ ಮಗುವಿಗೂ ತಗಲುತ್ತದೆ. ಗರ್ಭದಲ್ಲಿ ‘ಡಿ’ ಜೀವಸತ್ವ ದೊರೆಯದ ಹಸುಗೂಸಿಗೆ ಸುಣ್ಣಾಂಶ ಇಳಿದು ಫಿಟ್ಸ್ ಬರಬಹುದು. ರಿಕೆಟ್ಸ್ ಆದ ಹೆಣ್ಣುಮಗು ಬೆಳೆದು ತಾಯಿಯಾಗುವಾಗ ಸೊಂಟದ ಎಲುಬುಗೂಡು ಕಿರಿದಾಗಿ ಹೆರಿಗೆಯೇ ಕಷ್ಟವಾಗಬಹುದು.

1979ರಲ್ಲಿ ಗ್ಲಾಸ್ಗೋದಲ್ಲಿ ಏಷ್ಯಾ ಮೂಲದ ಮಕ್ಕಳಿಗೆ ‘ಡಿ’ ಜೀವಸತ್ವವನ್ನು ಉಚಿತವಾಗಿ ವಿತರಿಸುವ ಆಂದೋಲನ ಆರಂಭವಾಯಿತು. ರೋಗ ಗಣನೀಯವಾಗಿ ಇಳಿಯಿತು. 1981ರಲ್ಲಿ ಬ್ರಿಟನ್ನಿನಲ್ಲಿ ರಿಕೆಟ್ಸ್ ತಡೆ ಆಂದೋಲನ ನಡೆಯಿತು. ದಕ್ಷಿಣ ಏಷ್ಯಾ ಮತ್ತು ಆಫ್ರಿಕಾ ಮೂಲದವರು ವರ್ಷವಿಡೀ ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ 400 ಯೂನಿಟ್, ‘ಡಿ’ ಜೀವಸತ್ವ ಸೇವಿಸುವುದು ಒಳಿತೆಂಬುದು ಅಲ್ಲಿನ ಇಂದಿನ ಸಲಹೆ. ನಿಮ್ಮ ಮಗಳೋ ಸೊಸೆಯೋ ಅಂತಹ ಶೀತ ದೇಶದಲ್ಲಿ ನೆಲೆಸಿದ್ದರೆ ಈ ವಿಷಯವನ್ನು ತಪ್ಪದೆ ತಿಳಿಸಿರಿ.

ನಮ್ಮ ಹಳ್ಳಿಗಳಲ್ಲಿ

ನಮ್ಮಲ್ಲಿ ವರ್ಷವಿಡೀ ಬಿಸಿಲಿದೆ ನಿಜ. ಆದರೆ ಅಂಗಳದ ಬಿಸಿಲು ಚರ್ಮವನ್ನು ಮುಟ್ಟದಿದ್ದರೆ ಫಲವಿಲ್ಲ. ಕತ್ತಲೆ ಕೋಣೆಯಲ್ಲಿ ತಿಂಗಳುಗಟ್ಟಲೆ ಇರುವ ಬಾಣಂತಿ, ದಿನವಿಡೀ ಮನೆಯೊಳಗೆ ಬೀಡಿ ಕಟ್ಟುವ ಮಹಿಳೆ, ಬಣ್ಣ ಕೆಡುವುದೆಂದು ಹೊರಗೆ ಬಾರದ ಹುಡುಗಿ ಇವರೂ ಕೊರತೆಗೆ ಒಳಗಾಗಬಹುದು. ಆದ್ದರಿಂದ ದಂಪತಿಗಳು ಈ ಅಂಶಗಳನ್ನು ನೆನಪಿನಲ್ಲಿಡಬೇಕು:

1. ಮುಂಜಾನೆಯ ಎಳೆಬಿಸಿಲಿನಲ್ಲಿ ಬೇಕಾದ ಕಿರಣಗಳು ಅತಿ ಕಡಿಮೆ. ನಮ್ಮ ನೆರಳು ನಮಗಿಂತ ಗಿಡ್ಡದಾಗಿರುವ ವೇಳೆಯ ಬಿಸಿಲು ಉಪಯುಕ್ತ. ಚರ್ಮ ಉರಿಯುವ ಮೊದಲೇ ನೆರಳಿಗೆ ಬರಬೇಕು. ಹಸುಗೂಸನ್ನು ಉರಿಬಿಸಿಲಿಗೆ ಒಡ್ಡಬಾರದು. ಅದಕ್ಕೆ ವೈದ್ಯರು ಹೇಳಿದ ಹನಿಗಳನ್ನು ಹಾಕಬೇಕು.

2. ಗರ್ಭಿಣಿಯರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಕೊಡುವ ಸುಣ್ಣಾಂಶದ ಮಾತ್ರೆಯಲ್ಲಿ 500 ಮಿಲಿಗ್ರಾಂ ಸುಣ್ಣಾಂಶದ ಜೊತೆಗೆ 250 ಯೂನಿಟ್ ‘ಡಿ’ ಜೀವಸತ್ವವೂ ಇದೆ. ಗರ್ಭದ 14ನೆಯ ವಾರದಿಂದ ಹೆರಿಗೆಯಾಗಿ 6 ತಿಂಗಳವರೆಗೆ ದಿನಕ್ಕೆ ಎರಡು ಮಾತ್ರೆಗಳನ್ನು ಎರಡು ಹೊತ್ತಿನ ಊಟದೊಡನೆ ಸೇವಿಸಬೇಕು. ಕಬ್ಬಿಣಾಂಶದ ಮಾತ್ರೆಯನ್ನು ಬೇರೆ ವೇಳೆಯಲ್ಲಿ ನುಂಗಬೇಕು.

3. ವೈದ್ಯರನ್ನು ಕೇಳದೆ ಹೆಚ್ಚು ಶಕ್ತಿಯ ಚುಚ್ಚುಮದ್ದು ಅಥವಾ ಗುಳಿಗೆ ತೆಗೆದುಕೊಳ್ಳುವುದು ಅಪಾಯಕರ. ಮಿತಿಮೀರಿದರೆ ರಕ್ತದಲ್ಲಿ ಸುಣ್ಣಾಂಶ ಏರಿ ಮೂತ್ರಪಿಂಡಗಳು ಕೆಡಬಹುದು.

ಪತಿಯ ಹೊಣೆ

ಪತ್ನಿಯು ನೋವೆಂದಾಗ ಗದರಿಸದೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುವುದು ಪತಿಯ ಕರ್ತವ್ಯ. ಬಾಣಂತಿ ಅಂಗಳಕ್ಕೆ ಬರುವುದನ್ನು ಹಿರಿಯರು ಆಕ್ಷೇಪಿಸಿದರೆ ವಿನಯದಿಂದ ತಿಳಿಹೇಳಬೇಕಾದವನೂ ಅವನೇ. ಸಕಾಲದಲ್ಲಿ ಗುರುತಿಸಿದರೆ ಈ ಕಾಯಿಲೆ ಗುಣವಾಗುತ್ತದೆ. ತಾಯಿಯ ಮೂಳೆ ಗಟ್ಟಿಯಾದರೆ ಮಗುವಿನ ಹೆಜ್ಜೆಯೂ ಗಟ್ಟಿಯಾಗುತ್ತದೆ.