ಹಾಕಿಯ ಕಾರ್ಡುಗಳು, ಕೊನೆಯ ನಿಮಿಷಗಳು

ಕೊಡವ ಕೌಟುಂಬಿಕ ಹಾಕಿ ಉತ್ಸವ 1997ರಲ್ಲಿ ಕರಡ ಗ್ರಾಮದಲ್ಲಿ ಶುರುವಾಯಿತು. ರೂವಾರಿ ಪಾಂಡಂಡ ಕುಟ್ಟಪ್ಪ. ಒಂದೇ ಮನೆತನದ ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಆಡುವುದು ಇದರ ಸೊಗಸು.

ಇನ್ನು ಹಾಕಿಯ ನಿಯಮಗಳಿಗೆ ಬಂದರೆ, ಅಂತರರಾಷ್ಟ್ರೀಯ ಪಂದ್ಯ 15 ನಿಮಿಷಗಳ 4 ಕ್ವಾರ್ಟರ್. ಶಿಸ್ತು ತಪ್ಪಿದವರಿಗೆ ಹಸಿರು ಕಾರ್ಡ್: 2 ನಿಮಿಷ ಹೊರಗೆ. ಹಳದಿ: ಕನಿಷ್ಠ 5 ನಿಮಿಷ. ಕೆಂಪು: ಆ ಆಟಗಾರನಿಗೆ ಪಂದ್ಯವೇ ಮುಗಿಯಿತು. ಅಷ್ಟೂ ಹೊತ್ತು ಬದಲಿ ಆಟಗಾರ ಇಳಿಯುವಂತಿಲ್ಲ, ತಂಡಕ್ಕೆ ಒಬ್ಬ ಕಡಿಮೆ. 58ನೇ ನಿಮಿಷ ದಾಟಿದ ಮೇಲೆ ಹಸಿರು ಕಾರ್ಡ್ ಸಿಕ್ಕರೆ? ಕುರ್ಚಿಯಲ್ಲಿ ಕೂತೇ ಕೊನೆಯ ಸೀಟಿ ಕೇಳಬೇಕು.

ನಿಯಮಗಳಲ್ಲಿ ಹಲವರು ಎಡವುವುದು ಇಲ್ಲಿ: ಸಮಯ ಮುಗಿದರೂ, ಅಷ್ಟರೊಳಗೆ ಕೊಟ್ಟ ಪೆನಾಲ್ಟಿ ಕಾರ್ನರ್ ಪೂರ್ತಿ ಆಡಿಸಲೇಬೇಕು. ಪಂದ್ಯ ಸಮವಾದರೆ ನಡೆಯುವ ಶೂಟೌಟ್‌ನಲ್ಲಿ ಪ್ರತಿ ಯತ್ನಕ್ಕೆ 8 ಸೆಕೆಂಡ್.